ಬೀದಿಗೆ ಮುಖ ಮಾಡಿದ ಮೀನಬಾಲ

ಊರಿಗೆಲ್ಲ ಅವನು ಹಡಗಿನಜ್ಜ. ಹೆಸರಿಟ್ಟ ತಾಯಿ ಸಮುದ್ರದ ಆಚೆ ಉಳಿದಳು. ಈಚೆ ಬಂದ ಮೇಲೆ ಆ ಹೆಸರು ಯಾರ ನಾಲಿಗೆಯಲ್ಲೂ ಹೊರಳಲಿಲ್ಲ. ಚೌಕದ ವಿಜಯಸ್ತಂಭಕ್ಕೆ ಕಲ್ಲು ತಂದ ಹಡಗಿನಲ್ಲೇ, ಮೀಸೆ ಚಿಗುರುವ ವಯಸ್ಸಿನಲ್ಲಿ, ಅವನೂ ಕಲ್ಲುಕುಟಿಗನಾಗಿ ಬಂದಿಳಿದಿದ್ದ. ಕಲ್ಲು ಅವನ ದೇಶದ್ದು, ಒಳಗಿನ ಕಬ್ಬಿಣ ಇನ್ನೊಂದು ದೇಶದ್ದು, ನಕ್ಷೆ ಬರೆದ ಇಂಜಿನಿಯರ್ ಮತ್ತೊಂದು ದೇಶದವನು. ತುದಿಯ ಕಂಚಿನ ಹಕ್ಕಿಗೆ ಎರಕ ಹೊಯ್ದವರ ಮಾತಂತೂ ಯಾರಿಗೂ ತಿಳಿಯುತ್ತಿರಲಿಲ್ಲ. ಕೆಲಸ ಮುಗಿದದ್ದೇ ಎಲ್ಲರೂ ಗಂಟುಮೂಟೆ ಕಟ್ಟಿದರು. ಇವನೊಬ್ಬ ಉಳಿದ. ಕೆಲಸಗಾರರಿಗೆ ನೀರು ಹೊತ್ತು ಕೊಡುತ್ತಿದ್ದ ಹುಡುಗಿಯ ಕೈ ಹಿಡಿದಿದ್ದ. ಆಮೇಲಿನ ಆಯುಷ್ಯವೆಲ್ಲ ಬೇರೆಯವರ ಸಮಾಧಿಗೆ ಹೆಸರು ಕೆತ್ತುವುದರಲ್ಲೇ ಸವೆಯಿತು.

ಮಾವನ ಮನೆಯವರು ಕೊನೆವರೆಗೂ ಅವನನ್ನು ಹೊರಗಿನವನು ಅಂದರು. ಕಂಬ ಮಾತ್ರ ಈ ಮಣ್ಣಿನ ಮಗ ಅಂತ ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ. ಅಜ್ಜ ಕೇಳಿ ನಗುತ್ತಿದ್ದ: "ಇಬ್ರೂ ಒಂದೇ ಹಡಗಲ್ಲಿ ಬಂದ್ವಿ. ಕಲ್ಲು ನಿಮ್ದಾಯ್ತು, ನಾನು ಆಗ್ಲಿಲ್ಲ."

ಕಲ್ಲುಕುಟಿಗರಲ್ಲಿ ಒಂದು ಪದ್ಧತಿ. ತಾನು ಕಡೆದ ಕಲ್ಲಿಗೆ ತನ್ನ ಗುರುತು ಹಾಕಬೇಕು, ಆದರೆ ಕಟ್ಟಡದೊಳಗೆ ಮುಚ್ಚಿಹೋಗುವ ಮುಖದ ಮೇಲೆ. ಇವನ ಗುರುತು ಮೀನಬಾಲ. ಒಂದು ಕಲ್ಲು ಮಾತ್ರ ಇಳಿಸುವಾಗ ಹೊರಮುಖದಲ್ಲಿ ಚಕ್ಕೆ ಎದ್ದಿತು. ಗಡಿಬಿಡಿಯಲ್ಲಿ ಹಿಂದುಮುಂದು ಮಾಡಿ ಕೂರಿಸಿಬಿಟ್ಟರು. ಎದೆಮಟ್ಟದಲ್ಲಿ ಮೀನಬಾಲ ಬೀದಿಗೆ ಮುಖ ಮಾಡಿತು. ಮೇಸ್ತ್ರಿ ಹಲ್ಲು ಕಡಿದ. ನೀರಿನ ಹುಡುಗಿ ಅದರ ಮೇಲೆ ಬೆರಳಾಡಿಸಿ ನಕ್ಕಳು. ಬದುಕಿರುವ ತನಕ, ಆ ದಾರಿಯಲ್ಲಿ ಹೋದಾಗಲೆಲ್ಲ, ಬೆರಳಾಡಿಸುವುದನ್ನು ಬಿಡಲಿಲ್ಲ. ಗೆರೆಗಳು ಸವೆದು ನುಣುಪಾಗಿದ್ದವು. ಆಕೆ ಹೋದ ಮೇಲೆ ಅಜ್ಜ ದಿನಾ ಹೋಗಿ ಅಲ್ಲೇ ಬೆರಳಿಡುತ್ತಿದ್ದ.

ಕಂಬಕ್ಕೆ ಹೊಸ ಮೆರುಗು ಕೊಡುತ್ತಾರೆ, ಗೀಚಿದ್ದನ್ನೆಲ್ಲ ಉಜ್ಜಿ ತೆಗೆಯುತ್ತಾರೆ ಅಂತ ಸುದ್ದಿ ಬಂತು. ಅಜ್ಜನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಗಳ ತೋಳು ಹಿಡಿದು ಹೊರಟ. ಅಲ್ಲಿ ಉಜ್ಜುವ ಯಂತ್ರ ಆಗಲೇ ಗುರ್ರೆನ್ನುತ್ತಿತ್ತು.

"ಅದು ಗೀಚಿದ್ದಲ್ಲಪ್ಪ, ನನ್ನ ಗುರುತು. ನಾನೇ ಕೊರೆದದ್ದು," ಅಂದ ಅಜ್ಜ.

ಮೇಲ್ವಿಚಾರಕ ಕನ್ನಡಕ ಮೇಲೇರಿಸಿ ನೋಡಿದ. "ಮೆಲ್ಲಗೆ ಹೇಳಿ ಯಜಮಾನ್ರೇ. ಕಂಬದ ಮೇಲೆ ಗೀಚಿದೋರಿಗೆ ಜೈಲು. ಕಳ್ಳನೇ ಬಂದು ಠಾಣೆ ಬಾಗಿಲು ತಟ್ಟಿದಂಗಾಯ್ತಲ್ಲ!"

"ಇದನ್ನ ಕಟ್ಟಿದೋರೇ ಇವ್ರು ಸಾರ್," ಅಂದಳು ಮಗಳು.

"ಕಟ್ಟಿದ್ದು ನಮ್ಮೋರಮ್ಮ. ಫಲಕದಲ್ಲೇ ಬರೆದಿದೆ, ನೋಡಿ."

ಯಂತ್ರ ಹಿಡಿದವನು ಒಂದು ಗಳಿಗೆ ಕೈ ತಡೆದ. ಅವನ ಮಾತಿನ ಧಾಟಿಯೂ ಈ ದಡದ್ದಾಗಿರಲಿಲ್ಲ. "ಮುಟ್ಟೋದಿದ್ರೆ ಮುಟ್ಬಿಡಿ ತಾತ. ನಂದೂ ಹೊಟ್ಟೆಪಾಡು."

ಅಜ್ಜ ಬೆರಳಿಟ್ಟ, ಹೆಂಡತಿ ಇಡುತ್ತಿದ್ದ ಹಾಗೆಯೇ, ಬಾಲದ ತುದಿಯಿಂದ ಬುಡಕ್ಕೆ. ಆಮೇಲೆ ತಾನೇ ಹಿಂದೆ ಸರಿದ. ಬಿಳಿ ಹುಡಿ ಎದ್ದು ಎಲ್ಲರ ತಲೆಯ ಮೇಲೂ ಕೂತಿತು. ಯಂತ್ರ ನಿಂತಾಗ ಕಲ್ಲು ಬೋಳಾಗಿತ್ತು. ಮುಟ್ಟಿದರೆ ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು.

ಹಿಂದಿರುಗುವಾಗ ಮಗಳು ಅಪ್ಪನ ಕೂದಲಿನ ಹುಡಿ ಕೊಡವಿದಳು. "ಒಳಗೆ ಇನ್ನೂ ಎಷ್ಟೋ ಮೀನಬಾಲ ಇದಾವಲ್ಲಪ್ಪಾ. ಅವನ್ನ ಯಾರು ಉಜ್ತಾರೆ?"

"ಇದಾವೆ ತಾಯಿ. ಅವು ಕಾಣ್ಬೇಕಾದ್ರೆ ಕಂಬ ಬೀಳ್ಬೇಕು." ಅಜ್ಜ ಒಮ್ಮೆ ತಿರುಗಿ ನೋಡಿದ. "ನಾನೇ ಕಡೆದ ಕಲ್ಲು. ಬೀಳ್ಲಿ ಅಂತ ಹೆಂಗೆ ಬೇಡ್ಕೊಳ್ಲಿ?"