ಆಮೆಯ ಬೆನ್ನಿನ ಮೇಲಿನ ಸಹಿ

ಮೃಗಾಲಯದಲ್ಲಿ ಹಾವು ಮೊಸಳೆಗಳನ್ನು ನೋಡಿಕೊಳ್ಳುವ ಅವಳಿಗೆ ಗಂಟುಮೋರೆ ಎಂಬ ಅಡ್ಡಹೆಸರು ಬಿದ್ದು ಹದಿನೆಂಟು ವರ್ಷವಾಗಿತ್ತು. ಹೆಸರಿಟ್ಟವರ ತಪ್ಪೇನೂ ಇರಲಿಲ್ಲ. ಮೊಸಳೆ ಬದುಕಿದೆಯೋ ಸತ್ತಿದೆಯೋ ಎಂದು ಕಲ್ಲು ಎಸೆದು ನೋಡುವವರನ್ನು, ಹಾವಿನ ಗಾಜು ಕುಟ್ಟುವವರನ್ನು, ಉಡದ ಮೇಲೆ ಉಗುಳುವವರನ್ನು ದಿನವಿಡೀ ಕಾಯುವವಳ ಮೋರೆ ಇನ್ನು ಹೇಗಿದ್ದೀತು? "ಟಿಕೆಟ್ ತಗೊಂಡು ಬಂದಿದೀವಿ, ಮೊಸಳೇನ ಒಂಚೂರು ಅಲ್ಲಾಡಿಸಿ" ಎಂದವನಿಗೆ ಒಮ್ಮೆ, "ನೀವೇ ಒಳಗಿಳೀರಿ, ಚೆನ್ನಾಗಿ ಅಲ್ಲಾಡುತ್ತೆ" ಎಂದು ಬೀಗ ತೆಗೆದು ನಿಂತಿದ್ದಳು.

ಅವಳ ದನಿ ಮೆತ್ತಗಾಗುತ್ತಿದ್ದುದು ಮುದಿ ಆಮೆಯ ಮುಂದೆ ಮಾತ್ರ. ಮುಚ್ಚಿಹೋದ ಇನ್ನೊಂದು ಮೃಗಾಲಯದಿಂದ ಅದನ್ನು ತರುವಾಗ, ಎರಡು ದಿನದ ದಾರಿಯುದ್ದಕ್ಕೂ ಲಾರಿಯ ಹಿಂಬದಿಯಲ್ಲಿ ಅದರ ಪಕ್ಕದಲ್ಲೇ ಕೂತು ಗೋಣಿಗೆ ನೀರು ಚಿಮುಕಿಸುತ್ತ ಬಂದಿದ್ದಳು. ಬಂದ ಮೇಲೆ ಒಂಬತ್ತು ದಿನ ಏನನ್ನೂ ಮೂಸದ ಆಮೆ ಹತ್ತನೆಯ ದಿನ ಅವಳ ಕೈಯಿಂದಲೇ ಕುಂಬಳದ ಹೋಳು ಕಚ್ಚಿತ್ತು.

ಅವಳ ತಮ್ಮ ಬೋರ್ಡು ಬರೆಯುವವನು. ಫ್ಲೆಕ್ಸ್ ಬಂದು ಕೆಲಸ ಕಸಿದ ಮೇಲೆ, ಮೃಗಾಲಯದ ಹೊರಗೋಡೆಗೆ ಚಿತ್ರ ಬಿಡಿಸುವ ಕೆಲಸವನ್ನು ಅವಳೇ ಓಡಾಡಿ ಕೊಡಿಸಿದಳು. ಗೋಡೆ ತುಂಬ ಮೊಸಳೆ, ಹೆಬ್ಬಾವು, ಆಮೆ. ನೆತ್ತಿಯ ಮೇಲೆ "ಇವೂ ನಮ್ಮವೇ, ಉಳಿಸಿ" ಎಂಬ ಆಳೆತ್ತರದ ಅಕ್ಷರಗಳು. ಮೂಲೆಯಲ್ಲಿ ಅವನ ಸಹಿ: ಹೆಸರಿನ ಮೊದಲ ಅಕ್ಷರ, ಅದಕ್ಕೊಂದು ಸುರುಳಿ ಬಾಲ. ಕೆಲಸ ಚೆನ್ನಾಗಿದೆಯೆಂದು ಅವಳೂ ಒಪ್ಪಿದಳು. ಆಮೆಯನ್ನು ಹತ್ತಿರದಿಂದ ನೋಡಬೇಕೆಂದಾಗ ಬೇಲಿಯ ಕೀಲಿಯನ್ನೂ ಕೊಟ್ಟಳು.

ಗೋಡೆಚಿತ್ರದ ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ ಆಮೆಯ ಮೈ ತೊಳೆಯುತ್ತಿದ್ದವಳ ಕೈಗೆ ಏನೋ ತಡೆಯಿತು. ಚಿಪ್ಪಿನ ಎಡಬದಿಯಲ್ಲಿ ಮೊಳೆಯಿಂದ ಕೊರೆದ ಗಾಯ. ರಕ್ತ ಒಸರಿ ಹೆಪ್ಪುಗಟ್ಟಿತ್ತು. ಒಂದೇ ಅಕ್ಷರ. ಸುರುಳಿ ಬಾಲವೂ ಇತ್ತು.

ತಮ್ಮ ಏಣಿಯ ಮೇಲಿದ್ದ.

"ಇಳಿ ಕೆಳಗೆ. ಆಮೆ ಬೆನ್ನು ನಿನಗೆ ಸ್ಲೇಟಾ?"

ಅವನು ನಕ್ಕುಬಿಟ್ಟ. "ಅದಾ? ಗೋಡೆ ಬಣ್ಣ ಐದು ವರ್ಷಕ್ಕೆ ಹೋಗುತ್ತೆ. ಅದು ಇನ್ನೂರು ವರ್ಷ ಬದುಕುತ್ತಂತೆ. ನನ್ನ ಹೆಸರು ಎಲ್ಲಾದರೂ ಉಳೀಲಿ ಬಿಡಕ್ಕ. ಚಿಪ್ಪು ತಾನೆ, ನೋವಾಗಲ್ಲ."

"ನಿನ್ನ ಉಗುರು ಕಿತ್ತು ನೋಡೋಣ, ನೋವಾಗುತ್ತೋ ಇಲ್ವೋ!"

ಬಣ್ಣದ ಡಬ್ಬಿಯನ್ನು ಒದ್ದು ನೇರ ಮೇಲಧಿಕಾರಿಯ ಕೋಣೆಗೆ ನಡೆದಳು. ಅವರು ಮೆಲುದನಿಯಲ್ಲಿ, "ನಾಳೆ ಮಂತ್ರಿಗಳು ಬರ್ತಾರಮ್ಮ. ಡಾಕ್ಟರಿಂದ ಮದ್ದು ಹಚ್ಚಿಸಿ ಸುಮ್ಮನಿರಿ. ನಿಮ್ಮ ತಮ್ಮನೇ ಅಲ್ವಾ?" ಎಂದರು.

"ತಮ್ಮ ಅಂತಲೇ ಕೀಲಿ ಕೊಟ್ಟೆ. ಅದನ್ನೂ ಬರೀತೀನಿ."

ದೂರಿನಲ್ಲಿ ತನ್ನ ತಪ್ಪನ್ನೇ ಮೊದಲ ಸಾಲಿನಲ್ಲಿಟ್ಟು ಅರಣ್ಯ ಇಲಾಖೆಗೆ ತಾನೇ ಒಯ್ದು ಕೊಟ್ಟಳು. ಸಂಜೆಯೊಳಗೆ ತಮ್ಮನನ್ನು ಕರೆದೊಯ್ದರು. ಗೋಡೆಯ ಮೇಲಿನ ಸಹಿಗೆ ಕಚೇರಿಯವರೇ ಸುಣ್ಣ ಬಳಿದರು, ಮರುದಿನ ಮಂತ್ರಿಗಳು ರಿಬ್ಬನ್ ಕತ್ತರಿಸಿ ಹೋದರು.

ಮನೆಯಲ್ಲಿ ಅಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಯಾವುದೋ ಪ್ರಾಣಿಗೋಸ್ಕರ ಒಡಹುಟ್ಟಿದವನನ್ನ ಒಳಗೆ ಹಾಕಿಸಿದ್ಯಲ್ಲೇ! ನಿನಗೆ ಕರುಳು ಅನ್ನೋದೇ ಇಲ್ವಾ?"

"ಅದಕ್ಕೆ ದೂರು ಹೇಳಕ್ಕೆ ಬಾಯಿಲ್ಲ. ನಿನ್ನ ಮಗನಿಗೆ ನೀನಿದೀಯ."

ಆ ವಾರವೇ ಅಮ್ಮ ಟ್ರಂಕು ಹೊರಿಸಿಕೊಂಡು ತಮ್ಮನ ಮನೆಗೆ, ಸೊಸೆಯ ಬಳಿಗೆ ಹೋದಳು. ತಮ್ಮ ಎಂಟು ದಿನಕ್ಕೆ ಜಾಮೀನಿನ ಮೇಲೆ ಹೊರಬಂದ. ಕೇಸು ಕೊನೆಗೆ ದಂಡದಲ್ಲಿ ಮುಗಿಯಿತು. ಕೀಲಿ ಕೊಟ್ಟದ್ದಕ್ಕೆ ಇವಳನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟರು. ಆ ತೊಂಬತ್ತು ದಿನವೂ ಟಿಕೆಟ್ ತೆಗೆದುಕೊಂಡು ಒಳಗೆ ಬಂದು, ಬೇಲಿಯಾಚೆ ನಿಂತು, ಮದ್ದು ಹಚ್ಚುವವರ ಜೀವ ಹಿಂಡಿದಳು. ಗಾಯ ಒಣಗಿತು, ಗುರುತು ಹೋಗಲಿಲ್ಲ.

ಕೆಲಸಕ್ಕೆ ಮರಳಿದ ಮರುವರ್ಷ ಒಂದು ಮಧ್ಯಾಹ್ನ ತಮ್ಮ ಬೇಲಿಯ ಹತ್ತಿರ ಬಂದ. ಹೆಜ್ಜೆ ಸದ್ದಿಗೆ ಆಮೆ ಬುಸ್ಸೆಂದು ತಲೆ ಒಳಗೆಳೆದುಕೊಂಡಿತು.

"ಅಮ್ಮ ನಿನ್ನ ಕೇಳ್ತಿರ್ತಾಳೆ. ಮಂಡಿ ನೋವು ಜಾಸ್ತಿಯಾಗಿದೆ" ಎಂದ.

"ಅಮ್ಮನಿಗೆ ನಾನೇ ಫೋನ್ ಮಾಡ್ತೀನಿ. ನೀನು ನಡಿ, ಅದು ತಿನ್ನೋ ಹೊತ್ತು."

ಅವನು ಇನ್ನೂ ಏನೋ ಹೇಳುವವನಿದ್ದ. ಅವಳು ಪೊರಕೆ ಎತ್ತಿಕೊಂಡು ಬೆನ್ನು ತಿರುಗಿಸಿದಳು.

ಸಂಜೆ ಫೋನ್ ಮಾಡಿದಳು. ಅಮ್ಮ ಎತ್ತಿದಳು. ಮಂಡಿಯ ಬಗ್ಗೆ, ಎಣ್ಣೆಯ ಬಗ್ಗೆ ನಾಲ್ಕು ಮಾತಾಡಿದರು. ಮಗನ ಸುದ್ದಿಯನ್ನು ಅಮ್ಮ ಎತ್ತಲಿಲ್ಲ, ಇವಳು ಕೇಳಲೂ ಇಲ್ಲ.