ಮಾದಮ್ಮತ್ತೆ ನಿಲ್ಲಿಸಿದ ರೈಲು

ರೈಲೇ ಇಲ್ಲದ ಊರಿನಲ್ಲಿ ರೈಲಿನ ಪಂಡಿತನಾಗುವುದು ಬಹಳ ಸುಲಭ. ಅನುಭವದಿಂದಲೇ ಹೇಳುತ್ತಿದ್ದೇನೆ. ನಮ್ಮ ಮಧುವನಹಳ್ಳಿಯಿಂದ ಹಿಡಿದು ಹನೂರು, ಯಳಂದೂರಿನವರೆಗೆ ನಮ್ಮ ನಂಟರಲ್ಲಿ ಯಾರಿಗೆ ರೈಲಿನ ವಿಷಯದಲ್ಲಿ ಸಂಶಯ ಬಂದರೂ ಫೋನು ನನಗೇ ಬರುತ್ತದೆ. ಯಾವ ಗಾಡಿ, ಯಾವ ಪ್ಲಾಟ್‌ಫಾರಂ, ಮೇಲಿನ ಬರ್ತ್ ಒಳ್ಳೆಯದೋ ಕೆಳಗಿನದೋ, ಎಲ್ಲಕ್ಕೂ ನನ್ನಲ್ಲಿ ಉತ್ತರವಿದೆ. ಉತ್ತರ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚಿ ನೋಡಲು ಊರಲ್ಲಿ ರೈಲು ಬೇಕಲ್ಲ? ಹಾಗಾಗಿ ನನ್ನ ಹೆಸರು ಕೆಡದೆ ಉಳಿದಿದೆ.

ಈ ಪಾಂಡಿತ್ಯದ ಮೂಲ ಹೇಳಿದರೆ ನೀವು ನಗುತ್ತೀರಿ. ಓದುವ ಕಾಲದಲ್ಲಿ ನನ್ನ ಹಾಸ್ಟೆಲು ಮೈಸೂರಿನ ರೈಲ್ವೆ ಸ್ಟೇಷನ್ನಿಗೆ ಹತ್ತಿರವಿತ್ತು. ಸಂಜೆಯಾದರೆ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಬೆಂಚಿನ ಮೇಲೆ ಕೂತು, ಟೀ ಕುಡಿದು, ಬರುವ ಹೋಗುವ ಗಾಡಿಗಳನ್ನು ನೋಡಿಕೊಂಡು ಎದ್ದು ಬರುತ್ತಿದ್ದೆ. ಅಂದರೆ ನಾನು ರೈಲು ಹತ್ತಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಈಗ ಕೊಳ್ಳೇಗಾಲದಲ್ಲಿ ಹೈಸ್ಕೂಲು ಮೇಷ್ಟ್ರಾಗಿ ತಲೆ ನರೆತಿದೆ. ಆದರೂ ಆ ಬೆಂಚಿನ ಮೇಲೆ ಸಂಪಾದಿಸಿದ ಜ್ಞಾನದಲ್ಲೇ ಕಾಲ ಹಾಕುತ್ತಿದ್ದೇನೆ.

ನಮಗೆ ರೈಲು ಯಾಕೆ ಬರಲಿಲ್ಲ ಎನ್ನುವುದೇ ಒಂದು ಕತೆ. ಮೈಸೂರು ಮಹಾರಾಜರು ತಮ್ಮ ಸೀಮೆಯಲ್ಲಿ ಹಳಿ ಹಾಸಿಸುತ್ತಿದ್ದ ಕಾಲದಲ್ಲಿ ನಾವು ಮದರಾಸಿನವರು, ಕೊಯಮತ್ತೂರು ಜಿಲ್ಲೆಗೆ ಸೇರಿದವರು. ಮದರಾಸಿನ ಕಡೆ ಹಳಿ ಹಾಸುವಾಗ ನಾವು ಬೆಟ್ಟದ ಈಚೆಯವರಾಗಿಬಿಟ್ಟೆವು. ಕೊನೆಗೆ ರಾಜ್ಯಗಳು ಹೊಸದಾಗಿ ಹಂಚಿಕೆಯಾಗಿ ನಾವು ಮೈಸೂರಿಗೆ ಬಂದು ಸೇರುವ ಹೊತ್ತಿಗೆ, ಮಹಾರಾಜರ ಹಳಿ ನಂಜನಗೂಡು ದಾಟಿ ಚಾಮರಾಜನಗರಕ್ಕೆ ಬಂದು ಸುಸ್ತಾಗಿ ಕೂತಿತ್ತು. ಇನ್ನೂ ಎದ್ದಿಲ್ಲ. ಇಂದಲ್ಲ ನಾಳೆ ಎದ್ದೀತು ಎಂದು ನಾವು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೇವೆ.

ಹೀಗಿರುವಾಗ ಕೌದಳ್ಳಿಯಿಂದ ನನ್ನ ಸೋದರತ್ತೆ ಮಾದಮ್ಮತ್ತೆಯ ಫೋನು ಬಂತು. ಅವಳ ಒಬ್ಬಳೇ ಮಗಳು ಮಾದೇವಿಯನ್ನು ಅರಸೀಕೆರೆಗೆ ಕೊಟ್ಟಿದೆ. ಮಾದೇವಿ ಬಸುರಿ, ಚೊಚ್ಚಲು. ಬಳೆ ತೊಡಿಸುವ ಶಾಸ್ತ್ರವನ್ನು ಗಂಡನ ಮನೆಯವರು ಮಧ್ಯಾಹ್ನದೊಳಗೆ ಮುಗಿಸಬೇಕೆಂದು ಗೊತ್ತುಮಾಡಿದ್ದರು. ಮೊದಲ ಬಳೆ ತವರಿನದೇ ಆಗಬೇಕು, ತಾಯಿಯ ಕೈಯಿಂದಲೇ ಏರಬೇಕು. ಅತ್ತೆ ಹೋಗದಿದ್ದರೆ ಆ ಹುಡುಗಿಯ ಕಣ್ಣೀರು ನೋಡಲಾಗದು. ಅತ್ತೆಯೋ ರೈಲನ್ನು ಹತ್ತಿರದಿಂದ ಕಂಡವಳಲ್ಲ. ಮಾವನಿಗೆ ದನ ಬಿಟ್ಟು ಬರಲು ಮನಸ್ಸಿಲ್ಲ. "ಲೇ ಮಾದೇಸ, ನಿಂಗೆ ರೈಲೆಲ್ಲಾ ಗೊತ್ತಲ್ಲ, ಕರ್ಕಂಡೋಗ್ಲಾ" ಎಂದಳು. ಪಂಡಿತನಾದವನು ಇಲ್ಲ ಎನ್ನಲು ಬರುತ್ತದೆಯೆ?

ಮುಂದಿನದು ತಿಳಿಯಬೇಕಾದರೆ ನಮ್ಮ ಕಡೆಯ ಬಸ್ಸಿನ ರೀತಿ ನಿಮಗೆ ತಿಳಿದಿರಬೇಕು. ಕೌದಳ್ಳಿ, ಅಜ್ಜೀಪುರದ ಕಡೆಯಿಂದ ಬೆಳಗ್ಗೆ ಹನೂರಿಗೆ ಬರುವ ಬಸ್ಸು ಕಾಗದದ ಮೇಲೆ ಗಂಟೆಗೆ ಸರಿಯಾಗಿ ಹೊರಡುತ್ತದೆ, ರಸ್ತೆಯ ಮೇಲೆ ಜನ ನೋಡಿಕೊಂಡು ಹೊರಡುತ್ತದೆ. "ನಮ್ಮವ್ವ ಸೀರೆ ಉಡ್ತಾವ್ಳೆ, ವಸಿ ತಡೀರಿ" ಎಂದರೆ ಡ್ರೈವರು ತಡೆಯುತ್ತಾನೆ. ಮರೆತ ಬುತ್ತಿಯನ್ನು ಮನೆಯಿಂದ ತರುವವರೆಗೂ ಕಾಯುತ್ತಾನೆ. ಒಳಗಿರುವವರು ಗೊಣಗುತ್ತಾರೆ, ನಾಳೆ ತಮಗೂ ಹೀಗೇ ಆದೀತೆಂದು ಸುಮ್ಮನಾಗುತ್ತಾರೆ. ಡ್ರೈವರನ್ನು ಮಾತಾಡಿಸಿದರೆ ಗಾಡಿ ನಿಲ್ಲುತ್ತದೆ ಎಂಬುದು ಮಾದಮ್ಮತ್ತೆಯ ಮಟ್ಟಿಗೆ ಸೂರ್ಯ ಮೂಡುವಷ್ಟೇ ಖಚಿತ.

ಹಿಂದಿನ ರಾತ್ರಿ ಅತ್ತೆಯನ್ನು ನಮ್ಮ ಮನೆಯಲ್ಲೇ ಉಳಿಸಿಕೊಂಡು, ನಸುಕಿನ ಬಸ್ಸಿಗೆ ಹೊರಟು ಮೈಸೂರಿನ ಸ್ಟೇಷನ್ನಿಗೆ ಹೊತ್ತಿಗೆ ಮುಂಚೆಯೇ ತಲುಪಿದೆವು. ತಲುಪಿದ್ದೇ ತಪ್ಪಾಯಿತು. ಹೊತ್ತು ಉಳಿದಿತ್ತು, ಕೇಳಲು ಒಬ್ಬಳಿದ್ದಳು. ನಾನು ಜಂಕ್ಷನ್ನಿನ ಚರಿತ್ರೆ ಶುರುಮಾಡಿದೆ. ಮೊದಲು ಇಲ್ಲಿ ಮೀಟರ್ ಗೇಜಿನ ಸಣ್ಣ ಹಳಿ ಇತ್ತು, ಒಂದು ಕವಲು ಬೆಂಗಳೂರಿಗೆ, ಒಂದು ಅರಸೀಕೆರೆಗೆ, ಒಂದು ನಂಜನಗೂಡಿಗೆ, ಹಳಿಗಳು ಹೀಗೆ ಕೂಡಿ ಕವಲೊಡೆಯುವ ಕಡೆಗೆ ಜಂಕ್ಷನ್ ಎನ್ನುತ್ತಾರೆ ಎಂದೆ. ಅತ್ತೆ, "ನಮ್ ಕೊಳ್ಳೇಗಾಲದ ಬಸ್ಟ್ಯಾಂಡೂ ಅಂಗೇಯ ಅಲ್ವಲಾ? ಅನೂರ್ಗೊಂದು, ಯಳಂದೂರ್ಗೊಂದು, ಮಾದಪ್ಪನ್ ಬೆಟ್ಟಕ್ಕೊಂದು" ಎಂದಳು. ನನ್ನ ಚರಿತ್ರೆ ಅಲ್ಲಿಗೆ ಮುಗಿಯಿತು.

ಸರಿ, ಸೌಲಭ್ಯಗಳಿಗೆ ಬಂದೆ. ವಿಶ್ರಾಂತಿ ಕೊಠಡಿ, ಸಾಮಾನು ಇಡುವ ಕೋಣೆ, ತಾನೇ ಮೇಲೇರುವ ಮೆಟ್ಟಿಲು, ಡಬ್ಬಿ ಎಲ್ಲಿ ನಿಲ್ಲುತ್ತದೆಂದು ತೋರಿಸುವ ದೀಪದ ಫಲಕ, ಮೂರು ಭಾಷೆಯಲ್ಲಿ ಕೂಗುವ ಮೈಕು, ಎಲ್ಲವನ್ನೂ ನಾನೇ ಕಟ್ಟಿಸಿದವನಂತೆ ತೋರಿಸಿದೆ. ಅತ್ತೆ ಬಳೆಯ ಪೆಟ್ಟಿಗೆಯನ್ನು ಸೊಂಟದಿಂದ ಇಳಿಸದೆ ಎಲ್ಲದಕ್ಕೂ ತಲೆಯಾಡಿಸಿದಳು. ಕೊನೆಗೆ ಸಣ್ಣ ದನಿಯಲ್ಲಿ, "ಅದೆಲ್ಲಾ ಸರಿ ಕಣ್ಲಾ, ಒಂದಕ್ಕೋಗಕ್ಕೆ ಎಲ್ಲಿ?" ಎಂದಳು. ಅದನ್ನು ಮಾತ್ರ ನಾನು ತೋರಿಸಿರಲಿಲ್ಲ. ಎಲ್ಲಿದೆಯೆಂದು ನನಗೂ ಗೊತ್ತಿರಲಿಲ್ಲ, ಬೇರೆಯವರನ್ನು ಕೇಳಬೇಕಾಯಿತು.

ಹೋದ ಮಾನವನ್ನು ಮರಳಿ ಪಡೆಯುವ ಆಸೆ ಮನುಷ್ಯನಿಗೆ ಇರಬಾರದು. ಅತ್ತೆಯನ್ನು ಡಬ್ಬಿಯಲ್ಲಿ ಕೂರಿಸಿದ ಮೇಲೆ ಅವಳು ಒಂದು ಲೋಟ ಟೀ ಸಿಕ್ಕೀತೇ ಎಂದಳು. ಕಿಟಕಿಯ ಎದುರಿಗೇ ಟೀ ಮಾರುತ್ತಿದ್ದರು. "ಇಲ್ಲಿಯದು ಬೇಡತ್ತೆ, ಒಂದನೇ ಪ್ಲಾಟ್‌ಫಾರಂನಲ್ಲಿ ನಾನು ಓದುವಾಗ ಕುಡೀತಿದ್ದ ಅಂಗಡಿ ಇದೆ, ಆ ರುಚಿಯೇ ಬೇರೆ" ಎಂದು ಮೇಲ್ಸೇತುವೆ ಹತ್ತಿ ಹೊರಟೆ. ಆ ಅಂಗಡಿ ಇರಲಿಲ್ಲ. ನನ್ನ ಬೆಂಚೂ ಇರಲಿಲ್ಲ. ಎರಡೂ ಎಲ್ಲಿದ್ದವು ಎಂದು ಅಂದಾಜು ಮಾಡುತ್ತಾ ನಿಂತಿದ್ದಾಗ ನಮ್ಮ ಗಾಡಿ ಹೊರಡಲು ಸಿದ್ಧವಾಗಿದೆ ಎಂದು ಮೈಕು ಕೂಗಿತು. ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಕೂಗುವ ಹೊತ್ತಿಗೆ ನಾನು ಮತ್ತೆ ಸೇತುವೆಯ ಮೇಲಿದ್ದೆ.

ಮೇಲಿನಿಂದ ಕಂಡ ದೃಶ್ಯ ಹೇಳುತ್ತೇನೆ ಕೇಳಿ. ಮಾದಮ್ಮತ್ತೆ ಡಬ್ಬಿಯಲ್ಲಿರಲಿಲ್ಲ. ಸೊಂಟದಲ್ಲಿ ಬಳೆಯ ಪೆಟ್ಟಿಗೆ, ಕೈಯಲ್ಲಿ ಮಡಿಲಕ್ಕಿಯ ಗಂಟು, ಸೆರಗು ಬಿಗಿದು, ಪ್ಲಾಟ್‌ಫಾರಂ ಉದ್ದಕ್ಕೂ ಇಂಜಿನ್ನಿನ ಕಡೆಗೆ ದಾಪುಗಾಲು ಹಾಕುತ್ತಿದ್ದಳು. ಈ ಗಾಡಿ ತಪ್ಪಿದರೆ ಮುಂದಿನದು ಹಿಡಿದು ಹೋಗುವಷ್ಟರಲ್ಲಿ ಶಾಸ್ತ್ರ ಮುಗಿದು ಊಟದ ಎಲೆಯೂ ಎತ್ತಿರುತ್ತಿತ್ತು. ಒಂದು ಲೋಟ ಟೀಯ ಜಂಬಕ್ಕೆ ಮಾದೇವಿಯ ಬಳೆ ಬಲಿಯಾಗುತ್ತದಲ್ಲ ಎಂದು ನನ್ನನ್ನೇ ಬೈದುಕೊಂಡು ಓಡಿದೆ.

ಏದುಸಿರು ಬಿಡುತ್ತಾ ಇಂಜಿನ್ನಿನ ಹತ್ತಿರ ಬಂದಾಗ ಅತ್ತೆ ಕತ್ತೆತ್ತಿ ಡ್ರೈವರನ್ನು ಮಾತಾಡಿಸುತ್ತಿದ್ದಳು. "ಡ್ರೈವರಣ್ಣಾ, ವಸಿ ತಡ್ಕಳಪ್ಪ. ನಮ್ಮುಡ್ಗ ಟೀ ತರಕ್ಕೋಗವ್ನೆ, ಬಂದ್ಬುಡ್ತನೆ." ಕಿಟಕಿಯಿಂದ ಬಗ್ಗಿದ್ದಾತನಿಗೆ ಕನ್ನಡ ಬಂದ ಹಾಗೆ ಕಾಣಲಿಲ್ಲ. ಅತ್ತೆ ಹೆದರಲಿಲ್ಲ. ಗಡಿಯ ಕಡೆಯ ಹೆಂಗಸು, ಸಂತೆಯಲ್ಲಿ ಕಲಿತ ತಮಿಳು ನಾಲಿಗೆಯ ಮೇಲೇ ಇತ್ತು. "ಕೊಂಜಂ ಇರಪ್ಪಾ, ಎಂಗ ಪೈಯನ್ ವರ್ರಾನ್" ಎಂದಳು. ಸ್ವಲ್ಪ ಇರಪ್ಪಾ, ನಮ್ಮ ಹುಡುಗ ಬರ್ತಿದಾನೆ. ಆತನ ಮುಖ ಅರಳಿತು. "ಸರಿಮ್ಮಾ" ಎಂದ. ಅಷ್ಟರಲ್ಲಿ ಆ ಹುಡುಗ, ಅಂದರೆ ನರೆತ ತಲೆಯ ನಾನು, ಎದುರಿಗೆ ಹೋಗಿ ನಿಂತೆ. ಆತ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಗು ತಡೆದುಕೊಂಡ.

ಪಂಡಿತನ ಕಣ್ಣಿಗೆ ಇನ್ನೊಂದೂ ಬಿತ್ತು. ಮುಂದೆ ಸಿಗ್ನಲ್ ಇನ್ನೂ ಕೆಂಪಾಗಿತ್ತು. ಅತ್ತೆ ಕೇಳಿದ್ದರೂ ಕೇಳದಿದ್ದರೂ ಗಾಡಿ ಹೊರಡುವಂತಿರಲಿಲ್ಲ. "ಬಂದ ಕಣಪ್ಪ, ಇನ್ ಓಗಮ" ಎಂದು ಅತ್ತೆ ಅಪ್ಪಣೆ ಕೊಟ್ಟಳು. ನನ್ನ ಗ್ರಹಚಾರ ನೋಡಿ, ಅವಳ ಬಾಯಿಂದ ಮಾತು ಬೀಳುವುದಕ್ಕೂ ಸಿಗ್ನಲ್ ಹಸಿರಾಗುವುದಕ್ಕೂ ಸರಿಹೋಯಿತು. ಹಾರನ್ ಆಯಿತು. ಇಂಜಿನ್ನಿನ ಹಿಂದಿದ್ದ ಜನರಲ್ ಡಬ್ಬಿಗೆ ಅತ್ತೆಯನ್ನು ಹತ್ತಿಸಿ ನಾನೂ ತೂರಿಕೊಂಡೆ.

ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ನಮಗೋಸ್ಕರ ರೈಲ್ನೇ ನಿಲ್ಸಿದ್ರು ಕಣ್ರವ್ವ" ಎಂದು ಅತ್ತೆ ಕತೆ ಹೇಳತೊಡಗಿದ್ದೇ ತಡ, ಹೆಂಗಸರು ಒತ್ತಿಕೊಂಡು ಅವಳಿಗೂ ಪೆಟ್ಟಿಗೆಗೂ ಜಾಗ ಮಾಡಿದರು. ನಾನು ಸಿಗ್ನಲ್ಲಿನ ವ್ಯವಸ್ಥೆ ವಿವರಿಸಲು ಬಾಯಿ ತೆರೆದೆ. ಯಾರೂ ನನ್ನ ಕಡೆ ನೋಡಲಿಲ್ಲ. ಅರಸೀಕೆರೆಯವರೆಗೆ ನಿಂತೇ ಹೋದೆ.

ಶಾಸ್ತ್ರಕ್ಕೆ ಸರಿಯಾಗಿ ತಲುಪಿದೆವು. ಒಂದು ಬಳೆಯೂ ಒಡೆದಿರಲಿಲ್ಲ. ಮಗಳ ಕೈಗೆ ಹಸಿರು ಬಳೆ ಏರಿಸುತ್ತಾ ಅತ್ತೆ ಮತ್ತೆ ಅದೇ ಕತೆ ತೆಗೆದಳು. ಬೀಗರ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೈಲಿನ ಊರಿನವರು, ಅವರಿಗೆ ಇದೆಲ್ಲ ಗೊತ್ತು. ತಾಯಿ ನಗೆಪಾಟಲಾಗುತ್ತಾಳೇನೋ ಎಂದು ಮಾದೇವಿಯ ಮುಖ ಚಿಕ್ಕದಾಯಿತು. ನನ್ನ ಕಡೆ ತಿರುಗಿ, "ದಿಟ್ವಾ ಬಾವ? ಅವ್ವ ಕೇಳುದ್ಲು ಅಂತ ತಡ್ದ್ರಾ?" ಎಂದಳು. ಮನೆಯವರೆಲ್ಲ ನನ್ನನ್ನೇ ನೋಡಿದರು. ರೈಲಿನ ವಿಷಯದಲ್ಲಿ ಇಷ್ಟು ಜನ ಒಟ್ಟಿಗೆ ನನ್ನ ಬಾಯಿ ನೋಡಿದ್ದು ಅದೇ ಮೊದಲು.

"ದಿಟ ಕಣವ್ವ, ನಾನೇ ಕಂಡೆ. ಸರಿಮ್ಮಾ ಅಂದ್ರು" ಎಂದೆ. ಮಾದೇವಿ ನಕ್ಕು ಇನ್ನೊಂದು ಕೈಯನ್ನೂ ತಾಯಿಯ ಮುಂದೆ ಚಾಚಿದಳು. ನಾನು ಹೇಳಿದ್ದು ಸುಳ್ಳೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಗಾಡಿಯನ್ನು ನಿಲ್ಲಿಸಿದ್ದು ಕೆಂಪು ದೀಪ, ಒಪ್ಪಿದೆ. ಆದರೆ "ಸರಿಮ್ಮಾ" ಎನ್ನಬೇಕೆಂದು ಯಾವ ದೀಪವೂ ಆತನಿಗೆ ಹೇಳಿರಲಿಲ್ಲ.