ಪಕ್ಕದ ಮನೆಯವಳ ಊರಿನ ಹುಣ್ಣಿಮೆ

ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಚೆ ಕಡೆ ಕೊರಿಯಾದ ಹುಡುಗಿಯೊಬ್ಬಳು ಒಂಟಿಯಾಗಿದ್ದಳು. ಓದೋಕೆ ಅಂತ ಐರ್ಲೆಂಡಿಗೆ ಬಂದವಳು ಲಿಟಲ್ ಐಲ್ಯಾಂಡ್ ಅನ್ನುವ ಜಾಗದಲ್ಲಿದ್ದ ಔಷಧಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ನನ್ನ ಆಫೀಸೂ ಆ ಕಡೆಯೇ ಇದ್ದದ್ದರಿಂದ ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದೆವು. ಅವರ ಭಾಷೆಯಲ್ಲಿ ಹುಡುಗಿಯರು ಅಕ್ಕನಿಗೆ ‘ಒನ್ನಿ’ ಅನ್ನುತ್ತಾರಂತೆ. ನನ್ನನ್ನು ಹಾಗೇ ಕರೆಯುತ್ತಿದ್ದಳು.

ಕೊರಿಯಾಕ್ಕೆ ಹೋಗುವ ಆಸೆ ಹುಟ್ಟಿದ್ದು ಆ ಕಾರಿನಲ್ಲೇ. ಅವಳ ಅಪ್ಪ, ಅಮ್ಮ, ಚಿಕ್ಕಮ್ಮ ಮೂವರೂ ಸೇರಿ ಬೆಟ್ಟದ ಬುಡದಲ್ಲೊಂದು ಹಳೇ ಕಾಲದ ಹೆಂಚಿನ ಮನೆ ನೋಡಿಕೊಳ್ಳುತ್ತಿದ್ದರು. ಪ್ರವಾಸಿಗರಿಗೆ ಕೋಣೆ ಕೊಡುವುದು ಅವರ ಕಸುಬು. ಬಾಗಿಲಿಗೆ ಕಾಗದ ಅಂಟಿಸಿರುತ್ತಾರೆ, ಚಳಿಗಾಲದಲ್ಲಿ ನೆಲವೇ ಬಿಸಿಯಾಗಿರುತ್ತದೆ, ಬೆಟ್ಟ ಹತ್ತಿದರೆ ನದಿ ಊರನ್ನು ಸುತ್ತಿಕೊಂಡು ಹೋಗುವುದು ಕಾಣುತ್ತದೆ ಅಂತ ಹೇಳುತ್ತಿದ್ದಳು. “ಚುಸೊಕ್ ಹಬ್ಬಕ್ಕೇ ಬನ್ನಿ ಒನ್ನಿ. ಸುಗ್ಗಿ ಹಬ್ಬ, ಹಿರಿಯರನ್ನ ನೆನೆಸ್ಕೊಳ್ಳೋ ಹಬ್ಬ. ಹುಣ್ಣಿಮೆ ಬೇರೆ.” ನಾನೂ ನನ್ನ ಗಂಡನೂ ಟಿಕೆಟ್ ಮಾಡಿಸಿದೆವು. ಅಷ್ಟರಲ್ಲಿ ಕೋವಿಡ್ ಬಂತು. ಕಾರು ಮನೆ ಮುಂದೆ ನಿಂತಲ್ಲೇ ನಿಂತಿತು.

ಮರುವರ್ಷದ ಜನವರಿ. ಮತ್ತೆ ಲಾಕ್‌ಡೌನ್, ಯಾರೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ಒಂದು ಮಧ್ಯಾಹ್ನ ನಾನು ಆಫೀಸ್ ಮೀಟಿಂಗಿನಲ್ಲಿದ್ದಾಗ ಗೋಡೆಯಾಚೆಯಿಂದ ಅಳು ಕೇಳಿಸಿತು. “ಅಪ್ಪಾ… ಅಪ್ಪಾ…” ಯಾರೋ ನಮ್ಮ ಮೈಸೂರಿನವರೇ ಅಳುತ್ತಿದ್ದಾರೆ ಅನ್ನಿಸಿತು. ಕೊರಿಯಾದವರೂ ಅಪ್ಪನನ್ನು ಅಪ್ಪ ಅಂತಲೇ ಕರೆಯುತ್ತಾರೆಂಬುದು ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಮೀಟಿಂಗ್ ಬಿಟ್ಟು ಎದ್ದೆ. “ಹೋಗ್ಬಹುದಾ?” ಅಂತ ಗಂಡನನ್ನು ಕೇಳಿದೆ.

“ಒಂಟಿಯಾಗಿ ಇರೋರು ಇನ್ನೊಂದು ಮನೆಯವರ ಜೊತೆ ಬಬಲ್ ಅಂತ ಮಾಡ್ಕೊಂಡು ಹೋಗಿ ಬರ್ಬಹುದು ಅಂತ ರೂಲ್ ಇದೆಯಲ್ವಾ? ನಾವೇ ಅವಳ ಬಬಲ್. ಹೋಗು,” ಅಂದರು ನನ್ನವರು.

ಅವಳು ಬಾಗಿಲು ತೆಗೆದಾಗ ಕೈಯಲ್ಲಿ ಫೋನ್ ಹಾಗೇ ಇತ್ತು. ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ವಿಮಾನ ಹತ್ತಿದರೂ ಅಲ್ಲಿ ಎರಡು ವಾರ ಕ್ವಾರಂಟೈನ್, ಮಣ್ಣಿಗೆ ಸಿಗುವಂತಿರಲಿಲ್ಲ. ಅವಳನ್ನು ಮನೆಗೆ ಕರೆತಂದು ಬಿಸಿ ಅನ್ನ, ಸಾರು ಬಡಿಸಿದೆ. ಒಂದು ತುತ್ತು ತಿಂದು, “ಅಮ್ಮ ಬೈಲೇ ಇಲ್ಲ ಒನ್ನಿ. ಯಾಕೆ ಬರ್ಲಿಲ್ಲ ಅಂತ ಒಂದು ಮಾತೂ ಕೇಳ್ಲಿಲ್ಲ,” ಅಂದಳು. ಅಂತ್ಯಕ್ರಿಯೆಯನ್ನು ನಮ್ಮ ಸೋಫಾದ ಮೇಲೆ ಕೂತು ಫೋನಿನಲ್ಲೇ ನೋಡಿದಳು.

ಆ ವರ್ಷದ ಚುಸೊಕ್ ಬಂದಾಗ ಕ್ಯಾಲೆಂಡರ್ ನೋಡಿದೆ. ನಮ್ಮ ಭಾದ್ರಪದ ಹುಣ್ಣಿಮೆ, ಮಾರನೇ ದಿನದಿಂದ ಪಿತೃಪಕ್ಷ. ಅವಳ ಅಡುಗೆಮನೆಯಲ್ಲಿ ಕೂತು ಅಕ್ಕಿಹಿಟ್ಟಿನ ಪುಟ್ಟ ಕಡುಬು ಮಾಡಿದೆವು, ಒಳಗೆ ಎಳ್ಳು, ಸಕ್ಕರೆ. ಹಬೆಗೆ ಪೈನ್ ಎಲೆ ಹಾಸಬೇಕಂತೆ, ಅದನ್ನು ನನ್ನವರು ಪಾರ್ಕಿನಿಂದ ತಂದರು. ನಾನು ಮಾಡಿದವೆಲ್ಲ ಬಾಯಿ ಬಿಟ್ಟವು. ಅಪ್ಪನ ಫೋಟೋ ಮುಂದೆ ಬಡಿಸಿ ಅವಳು ನೆಲಕ್ಕೆ ಹಣೆ ಹಚ್ಚಿದಳು. ನಾವಿಬ್ಬರೂ ಹಿಂದೆ ನಿಂತು ಕೈಮುಗಿದೆವು.

ಕೊರಿಯಾಕ್ಕೆ ಹೋಗಲು ಆದದ್ದು ಅದರ ಮುಂದಿನ ವರ್ಷ, ಮತ್ತೆ ಅದೇ ಹುಣ್ಣಿಮೆಗೆ. ಅಲ್ಲಿ ಜನ ಇನ್ನೂ ಮಾಸ್ಕ್ ಬಿಟ್ಟಿರಲಿಲ್ಲ. ಅವಳ ಜೊತೆ ರೈಲು ಹತ್ತಿ ಅವಳ ಊರಿಗೆ ಹೋದೆವು. ಮರದ ಹೆಬ್ಬಾಗಿಲ ಬಳಿ ಅಮ್ಮ, ಚಿಕ್ಕಮ್ಮ ನಿಂತಿದ್ದರು. ಅಮ್ಮ ಮಗಳನ್ನು ಅಪ್ಪಿಕೊಳ್ಳಲಿಲ್ಲ. ಮುಖ ನೋಡಿ ಏನೋ ಕೇಳಿದರು. ಊಟ ಆಯ್ತಾ ಅಂತ, ಅಷ್ಟೇ. ಅಂಗಳದ ಸುತ್ತ ಕೋಣೆಗಳು, ಎಲ್ಲದರಲ್ಲೂ ಹಬ್ಬಕ್ಕೆ ಬಂದ ಪ್ರವಾಸಿಗರು. ಅಮ್ಮ ಒಂದು ಕ್ಷಣವೂ ಕೂರದೆ ಹಾಸಿಗೆ, ತಿಂಡಿ ಅಂತ ಓಡಾಡುತ್ತಲೇ ಇದ್ದರು. ಮಗಳು ಅವರ ಹಿಂದೆ ಹಿಂದೆಯೇ ಸುತ್ತುತ್ತಿದ್ದಳು.

ಹಬ್ಬದ ದಿನ ಬೆಳಿಗ್ಗೆ ಅಪ್ಪನ ಸಮಾಧಿಗೆ ಹೊರಟೆವು. ಬೆಟ್ಟದ ಅರ್ಧದಲ್ಲಿತ್ತು. ಸುತ್ತ ಬೆಳೆದಿದ್ದ ಹುಲ್ಲನ್ನು ಅಮ್ಮ ಮಗಳು ಸೇರಿ ಕಿತ್ತರು. ಆಮೇಲೆ, ನದಿ ನೋಡಲು ಮೇಲೆ ಕಟಾಂಜನ ಹಾಕಿದ್ದ ಜಾಗದವರೆಗೂ ಹತ್ತಿದೆವು. ಕೆಳಗೆ ಬತ್ತದ ಗದ್ದೆಗಳು ಹಳದಿಯಾಗುತ್ತಿದ್ದವು, ಅವುಗಳ ಸುತ್ತ ನದಿ. ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಮ್ಮ ಬೆಂಚಿನ ಮೇಲೆ ಕೂತು ನದಿ ನೋಡುತ್ತಲೇ ಮಾತಾಡತೊಡಗಿದರು. ಅಷ್ಟರವರೆಗೆ ನಮಗಾಗಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದವಳು ತಟ್ಟನೆ ನಿಲ್ಲಿಸಿಬಿಟ್ಟಳು. ಅಮ್ಮನ ಮಾತು ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

“ಅಮ್ಮನ್ನೂ ಆಸ್ಪತ್ರೆ ಒಳಗೆ ಬಿಟ್ಟಿರ್ಲಿಲ್ವಂತೆ. ಕೊನೇಲಿ ಅಪ್ಪನ್ನ ಅವರೂ ಫೋನಲ್ಲೇ ನೋಡಿದ್ದಂತೆ. ಕೇಳಿದ್ರೆ ನಂಗೆ ಇನ್ನೂ ಸಂಕಟ ಆಗತ್ತೆ ಅಂತ ಅಮ್ಮ ಇಷ್ಟು ದಿನ ಹೇಳಿರ್ಲಿಲ್ಲ.”

ಊರಲ್ಲೇ ಇದ್ದೂ ಆ ಹೆಂಗಸಿಗೆ ಸಿಕ್ಕಿದ್ದು ಅಷ್ಟೇ. ಅವಳು ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವರ ತೊಡೆಯ ಮೇಲೆ ತಲೆ ಇಟ್ಟಳು. ಅಮ್ಮ ಅವಳ ಕೂದಲಿಗೆ ಅಂಟಿದ್ದ ಹುಲ್ಲಿನ ಕಡ್ಡಿಗಳನ್ನು ಒಂದೊಂದಾಗಿ ತೆಗೆಯುತ್ತ ಕೊನೆಗೂ ಬೈಯಲು ಶುರುಮಾಡಿದರು. ಇಷ್ಟು ಸೊರಗಿದ್ದೀಯಲ್ಲ, ಆ ಚಳಿ ದೇಶದಲ್ಲಿ ಏನು ತಿಂತೀಯ ಅಂತ. ಅವಳು ಅಳುತ್ತಲೇ ನಗುತ್ತ ಅದನ್ನು ನಮಗೆ ಹೇಳಿದಳು.

ವಾಪಸ್ ಕಾರ್ಕಿಗೆ ನಾವಿಬ್ಬರೇ ಬಂದೆವು. ಅವಳು ರಜೆ ಮುಂದುವರಿಸಿ, ಚಿಕ್ಕಮ್ಮನಿಗೆ ಸ್ವಲ್ಪ ಬಿಡುವು ಕೊಟ್ಟು, ಎಲೆ ಉದುರುವವರೆಗೂ ಅಮ್ಮನ ಜೊತೆ ಆ ಕೋಣೆಗಳನ್ನು ನೋಡಿಕೊಂಡಳು.